ಓದಿಗೆ ಊರು ಬಿಡುವ ಮಕ್ಕಳು: ಮನೆಯಲ್ಲೇ ಆಗಬೇಕಾದ ತಯಾರಿ

ಕರ್ನಾಟಕದ ಎಷ್ಟೋ ಮಕ್ಕಳು ಓದಿಗಾಗಿ ಎರಡು ಸಲ ಮನೆ ಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ, ಹದಿನೈದು ಹದಿನಾರರ ವಯಸ್ಸಿಗೆ, ಪಿಯುಸಿಗೆಂದು ಮೂಡುಬಿದಿರೆಗೋ ಮಂಗಳೂರಿಗೋ ಧಾರವಾಡಕ್ಕೋ ಹೋಗುವುದು ಮೊದಲ ಸಲ. ಸಿಇಟಿ, ನೀಟ್ ಎಲ್ಲ ಮುಗಿದು ಸೀಟು ಸಿಕ್ಕ ಮೇಲೆ, ಹದಿನೆಂಟರ ಆಸುಪಾಸಿನಲ್ಲಿ, ಡಿಗ್ರಿಗೆಂದು ಹೋಗುವುದು ಎರಡನೆಯ ಸಲ. ಇವೆರಡೂ ಬೇರೆ ಬೇರೆ ಬಗೆಯ ಪ್ರಯಾಣಗಳು. ಮನೆಯವರ ತಯಾರಿ ಮಾತ್ರ ಎರಡು ಸಲವೂ ಒಂದೇ: ಟ್ರಂಕು, ಬಕೆಟ್ಟು, ಮಗ್ಗು, ಹಾಸಿಗೆ, ಬೀಗ, ಒಂದು ಡಬ್ಬಿ ಚಕ್ಕುಲಿ, ದಾರಿಯುದ್ದಕ್ಕೂ ಬುದ್ಧಿಮಾತು.

ಕೊನೆಯ ವಾರದಲ್ಲಿ ಅಂಗಡಿಯಿಂದ ತರುವ ಸಾಮಾನಿಗೂ ಮಗುವಿನ ತಯಾರಿಗೂ ಹೆಚ್ಚಿನ ಸಂಬಂಧವಿಲ್ಲ ಎಂಬುದು, ಕಾಲೇಜಿನಲ್ಲಿ ಪಾಠ ಹೇಳುತ್ತಾ, ಕೆಲವು ವರ್ಷ ಹಾಸ್ಟೆಲಿನ ಮೇಲ್ವಿಚಾರಣೆಯನ್ನೂ ನೋಡಿಕೊಂಡ ನನಗೆ ಖಚಿತವಾಗಿರುವ ಸಂಗತಿ. ತಯಾರಿ ಎಂದರೆ ಮನೆಯ ದೊಡ್ಡವರು ಮಾಡುತ್ತಿದ್ದ ತೀರ್ಮಾನಗಳನ್ನು ಒಂದೊಂದಾಗಿ ಮಗುವಿನ ಕೈಗೆ ಬಿಟ್ಟುಕೊಡುವುದು. ಅದಕ್ಕೆ ಒಂದು ವಾರ ಸಾಲದು, ಎರಡು ಮೂರು ವರ್ಷ ಬೇಕು.

ಹಿಂದೆಯೂ ಮಕ್ಕಳು ಓದಿಗೆ ಊರು ಬಿಟ್ಟವರೇ. ಮಹಾರಾಜ ಕಾಲೇಜಿಗೆ ಮೈಸೂರಿಗೆ, ಸೆಂಟ್ರಲ್ ಕಾಲೇಜಿಗೆ ಬೆಂಗಳೂರಿಗೆ, 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿಗೆ ಧಾರವಾಡಕ್ಕೆ ಹಳ್ಳಿಯ ಹುಡುಗರು ಬಂದರು. ಕೆಲವರಿಗೆ ಸಿದ್ಧಗಂಗೆಯಂಥ ಮಠಗಳ ಉಚಿತ ಪ್ರಸಾದ ನಿಲಯ ಸಿಕ್ಕಿತು, ಕೆಲವರಿಗೆ ಆಯಾ ಸಮುದಾಯದ ಹಾಸ್ಟೆಲು. ಏನೂ ಸಿಗದ ಬ್ರಾಹ್ಮಣರ ಹುಡುಗರು ವಾರಾನ್ನ ಹಿಡಿದರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಆ ದಿನಗಳ ಚಿತ್ರವಿದೆ. ಕವಿ ಸಿದ್ಧಲಿಂಗಯ್ಯನವರು ‘ಊರು ಕೇರಿ’ಯಲ್ಲಿ ಹೇಳುವುದು ಬೆಂಗಳೂರಿನ ದಲಿತ ವಿದ್ಯಾರ್ಥಿಗಳ ಹಾಸ್ಟೆಲಿನ ಬದುಕನ್ನು. ಆ ಹಸಿವು, ಆ ಅವಮಾನ ಯಾವ ಮಗುವಿಗೂ ಬೇಡ. ಅದನ್ನು ವೈಭವೀಕರಿಸುವವರ ಮಾತು ನನಗೆ ಹಿಡಿಸುವುದೂ ಇಲ್ಲ. ಆದರೆ ಆ ಹುಡುಗರು ಯಾರ ಮನೆಗೆ ಹೋಗಿ ಹೇಗೆ ಕೇಳಬೇಕು, ಇರುವ ನಾಲ್ಕಾಣೆಯಲ್ಲಿ ಪುಸ್ತಕ ತಗೊಳ್ಳಬೇಕೋ ಊಟ ಮಾಡಬೇಕೋ ಎಂಬುದನ್ನು ತಾವೇ ನಿರ್ಧರಿಸುತ್ತಿದ್ದರು. ಅವರ ಪರವಾಗಿ ತೀರ್ಮಾನ ಮಾಡುವವರು ಯಾರೂ ಇರಲಿಲ್ಲ.

ಈಗಿನ ವಸತಿ ಪಿಯು ಕಾಲೇಜು ಇದಕ್ಕೆ ತದ್ವಿರುದ್ಧ. ಅಲ್ಲಿ ಮಗು ಏನನ್ನೂ ನಿರ್ಧರಿಸಬೇಕಾಗಿಲ್ಲ. ನಸುಕಿನಲ್ಲಿ ಗಂಟೆ ಹೊಡೆಯುತ್ತದೆ, ಏಳಬೇಕು. ಸ್ಟಡಿ ಅವರ್, ತಿಂಡಿ, ಕ್ಲಾಸು, ಟೆಸ್ಟು, ಮತ್ತೆ ಸ್ಟಡಿ ಅವರ್, ದೀಪ ಆರಿಸುವ ಹೊತ್ತು, ಎಲ್ಲಕ್ಕೂ ಗಂಟೆ. ಬಹುತೇಕ ಕಡೆ ಮೊಬೈಲ್ ಇಲ್ಲ, ವಾರಕ್ಕೊಮ್ಮೆ ಮನೆಗೆ ಫೋನು. ಈ ವ್ಯವಸ್ಥೆಯಿಂದ ಅನುಕೂಲವಾದ ಮಕ್ಕಳನ್ನು ನಾನು ಬಲ್ಲೆ. ಒಳ್ಳೆಯ ಲೆಕ್ಚರರೇ ಇಲ್ಲದ ತಾಲ್ಲೂಕಿನಿಂದ ಬಂದು ಮೆಡಿಕಲ್ ಸೀಟು ಹಿಡಿದವರು ಇದ್ದಾರೆ. ಆದರೆ ಎರಡು ವರ್ಷ ಗಂಟೆಯ ಅಧೀನದಲ್ಲಿದ್ದ ಮಗು ಮುಂದೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ ಪಿಜಿಯಲ್ಲಿ ಇಳಿದಾಗ ಗಂಟೆಯೇ ಇರುವುದಿಲ್ಲ. ಬೆಳಗ್ಗೆ ಎಬ್ಬಿಸುವವರಿಲ್ಲ, ಕ್ಲಾಸಿಗೆ ಹೋಗದಿದ್ದರೆ ಕೇಳುವವರಿಲ್ಲ, ಕೈಯಲ್ಲಿ ಮೊಬೈಲು, ಅದರಲ್ಲಿ ಯುಪಿಐ. ಮೊದಲ ಸೆಮಿಸ್ಟರಿನಲ್ಲಿ ಹಾಜರಾತಿ ಕಡಿಮೆಯಾಗಿ ಅಪ್ಪನನ್ನು ಕರೆಸಬೇಕಾಗಿ ಬಂದ ಮಕ್ಕಳಲ್ಲಿ ಪಿಯುಸಿಯಲ್ಲಿ ಬಹಳ ಚೆನ್ನಾಗಿ ಅಂಕ ತೆಗೆದವರೇ ಇದ್ದುದನ್ನು ನೋಡಿದ್ದೇನೆ. ಅವರು ಕೆಟ್ಟ ಮಕ್ಕಳಲ್ಲ. ತಮ್ಮ ದಿನವನ್ನು ತಾವೇ ಕಟ್ಟಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಆದ್ದರಿಂದ ಮೊದಲ ಸಲ ಕಳಿಸುವಾಗ ಬೇಕಾದ ತಯಾರಿಯೇ ಬೇರೆ, ಎರಡನೆಯ ಸಲದ್ದೇ ಬೇರೆ. ಹದಿನೈದರ ಮಗುವಿಗೆ ಅಗಲಿಕೆಯನ್ನು ತಾಳಿಕೊಳ್ಳುವ, ಹತ್ತು ಜನರೊಂದಿಗೆ ಒಂದೇ ಕೋಣೆಯಲ್ಲಿರುವ, ಬೇಕಾದ್ದನ್ನು ಬಾಯಿ ಬಿಟ್ಟು ಕೇಳುವ ಅಭ್ಯಾಸ ಬೇಕು. ಹದಿನೆಂಟರ ಮಗುವಿಗೆ ದುಡ್ಡು, ಸಮಯ, ಆರೋಗ್ಯ, ಸಹವಾಸ ಎಲ್ಲವನ್ನೂ ನಿಭಾಯಿಸುವ ರೂಢಿ ಬೇಕು. ಪಿಯುಸಿಗೆ ಹಾಸ್ಟೆಲಿಗೆ ಹೋದ ಮಗು ಇದನ್ನು ಅಲ್ಲಿ ಕಲಿತಿರುವುದಿಲ್ಲ. ದಸರಾ ರಜೆ, ಬೇಸಿಗೆ ರಜೆಗೆ ಊರಿಗೆ ಬಂದಾಗ ಮನೆಯೇ ಕಲಿಸಬೇಕು. ನಾವು ಮಾಡುವುದು ಅದಕ್ಕೆ ಉಲ್ಟಾ: ಪಾಪ, ಹಾಸ್ಟೆಲಲ್ಲಿ ಸೊರಗಿ ಬಂದಿದೆ ಎಂದು ತಟ್ಟೆಯನ್ನೂ ಎತ್ತಲು ಬಿಡುವುದಿಲ್ಲ.

ಕಾಗದಪತ್ರದಿಂದ ಶುರುಮಾಡಬಹುದು. ಸಿಇಟಿ ಅರ್ಜಿಯನ್ನು ಹೆಚ್ಚಿನ ಮನೆಗಳಲ್ಲಿ ತುಂಬುವವರು ಅಪ್ಪ, ಚಿಕ್ಕಪ್ಪ ಅಥವಾ ಸೈಬರ್ ಸೆಂಟರಿನ ಹುಡುಗ. ಮಗು ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತದೆ. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಏನು, ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಸಿಗುವ ಮೀಸಲಾತಿ ಏನು, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಪ್ರಮಾಣಪತ್ರ ಯಾಕೆ ಬೇಕು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಒಂದು ಸಲ ಆ ಮಗುವನ್ನೇ ನಾಡಕಚೇರಿಗೆ ಕಳಿಸಿ. ಸಾಲಿನಲ್ಲಿ ನಿಂತು, ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಬರಲಿ. ಹೆಸರಿನ ಕಾಗುಣಿತ ಆಧಾರಿನಲ್ಲೊಂದು, ಅಂಕಪಟ್ಟಿಯಲ್ಲೊಂದು ಇದ್ದರೆ ಆಗುವ ತೊಂದರೆ ಅದಕ್ಕೇ ಗೊತ್ತಾಗುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನ ಪಾಸ್‌ವರ್ಡ್ ಮಗುವಿನ ಬಳಿಯೇ ಇರಲಿ. ಹಿಂದುಳಿದ ವರ್ಗದ, ಸರ್ಕಾರಿ ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ‘ವಿದ್ಯಾಸಿರಿ’ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿತ್ತು. ಅರ್ಜಿಯ ಕೊನೆಯ ದಿನ ಗೊತ್ತಿಲ್ಲದೆ ಇಂಥ ಹಣ ಕಳೆದುಕೊಂಡ ಮಕ್ಕಳು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. ಇನ್ನೊಂದು ಮಾತು: ಪ್ರವೇಶದ ವೇಳೆ ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಕಾಲೇಜು ಕೇಳಿದ್ದನ್ನೆಲ್ಲ ಒಪ್ಪಿಸಿ ಬರುವ ಮೊದಲು ಇದು ನೆನಪಿರಲಿ.

ದುಡ್ಡಿನ ವಿಷಯದಲ್ಲಿ ನಮ್ಮ ಮನೆಗಳು ವಿಪರೀತ ಗುಟ್ಟು. ಫೀಸಿಗೆ ಅಡಿಕೆ ಮಾರಿದ್ದೋ, ಸೊಸೈಟಿಯಲ್ಲಿ ಸಾಲ ತೆಗೆದದ್ದೋ, ಅಮ್ಮನ ಸರ ಅಡವಿಟ್ಟದ್ದೋ ಮಗುವಿಗೆ ತಿಳಿಯದಂತೆ ನೋಡಿಕೊಳ್ಳುತ್ತೇವೆ. ಹೊರೆಯಾಗುವಂತೆ ಹೇಳಬಾರದು ನಿಜ, ಆದರೆ ಮನೆಯ ವರಮಾನ ಎಷ್ಟು, ಓದಿಗೆ ವರ್ಷಕ್ಕೆ ಎಷ್ಟು ಹೋಗುತ್ತದೆ ಎಂಬ ಲೆಕ್ಕ ಹದಿನಾರು ದಾಟಿದ ಮಗುವಿಗೆ ತಿಳಿದಿರಬೇಕು. ಹತ್ತು ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸ್ಪಷ್ಟಪಡಿಸಿದೆ. ಊರಿನ ಬ್ಯಾಂಕಿನಲ್ಲೇ ಖಾತೆ ತೆರೆದು, ಮನೆಯಲ್ಲಿರುವಾಗಲೇ ತಿಂಗಳ ಹಣವನ್ನು ಅದಕ್ಕೆ ಹಾಕಿ. ಮೊದಲ ತಿಂಗಳು ಹದಿನೈದನೇ ತಾರೀಕಿಗೇ ಮುಗಿದುಹೋಗಲಿ, ಪರವಾಗಿಲ್ಲ. ಆ ಪಾಠ ಮನೆಯಲ್ಲಿ ಆದರೆ ಊಟಕ್ಕೆ ತೊಂದರೆಯಿಲ್ಲ, ಪಿಜಿಯಲ್ಲಿ ಆದರೆ ತೊಂದರೆ.

ಇದರ ಜೊತೆಗೆ ಹೊಸ ಅಪಾಯವೊಂದು ಬಂದಿದೆ, ಅದರ ಬಗ್ಗೆ ಮನೆಗಳಲ್ಲಿ ಮಾತೇ ಆಗುತ್ತಿಲ್ಲ. ‘ನಿನ್ನ ಖಾತೆಗೆ ಸ್ವಲ್ಪ ದುಡ್ಡು ಬರುತ್ತೆ, ತೆಗೆದುಕೊಟ್ಟರೆ ಕಮಿಷನ್ ಕೊಡ್ತೀನಿ’ ಎಂದು ಹೇಳಿ ಸೈಬರ್ ವಂಚಕರು ವಿದ್ಯಾರ್ಥಿಗಳ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ಮುಗಳನ್ನು ಬಾಡಿಗೆಗೆ ಪಡೆಯುತ್ತಾರೆ. ಬರುವುದು ಯಾರದೋ ಮೋಸ ಹೋದವರ ಹಣ. ಪೊಲೀಸರು ಮೊದಲು ಬರುವುದು ಖಾತೆಯ ಯಜಮಾನನ ಬಳಿಗೆ. ಖಾತೆ, ಸಿಮ್, ಆಧಾರ್ ಯಾರಿಗೂ, ರೂಮ್‌ಮೇಟಿಗೂ, ಕೊಡಬಾರದು. ತಾನೇ ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಐದೇ ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಸುಳಿಯಬಾರದು. ಎಲ್ಲಕ್ಕಿಂತ ಮುಖ್ಯ, ದುಡ್ಡು ಕಳೆದುಕೊಂಡೆ ಎಂದು ಮನೆಯಲ್ಲಿ ಹೇಳಲು ಹೆದರುವ ಮಗುವೇ ಎರಡನೇ ಸಲ ಮೋಸ ಹೋಗುವುದು.

ಊಟದ ವಿಷಯವನ್ನು ಬೇಗ ಮುಗಿಸುವಂತಿಲ್ಲ, ಏಕೆಂದರೆ ಹೊಸ ಊರಿನಲ್ಲಿ ಮಗುವಿನ ಮೊದಲ ದುಃಖ ತಟ್ಟೆಯ ಮುಂದೆಯೇ ಶುರುವಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡು ಬೆಳೆದ ರಾಯಚೂರಿನ ಹುಡುಗನಿಗೆ ಕರಾವಳಿಯ ಮೆಸ್ಸಿನಲ್ಲಿ ಕುಚ್ಚಲಕ್ಕಿ ಅನ್ನ, ಕೊಬ್ಬರಿ ಎಣ್ಣೆಯ ವಾಸನೆ. ಮುದ್ದೆಯ ಹುಡುಗಿಗೆ ಧಾರವಾಡದಲ್ಲಿ ಮುದ್ದೆ ಸಿಗುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಟ್ರಂಕಿನಲ್ಲಿ ಹೋಗಲೇಬೇಕು. ಅವು ವಾರಗಟ್ಟಲೆ ಕೆಡುವುದಿಲ್ಲ, ಹೊಸ ಗೆಳೆತನಕ್ಕೂ ದಾರಿಯಾಗುತ್ತವೆ. ಆದರೆ ಅದಕ್ಕಿಂತ ಮುಂಚೆ, ಇಷ್ಟವಿಲ್ಲದ ಪದಾರ್ಥವನ್ನು ಬದಿಗೆ ಸರಿಸಿ ಬೇರೆ ಮಾಡಿಸಿಕೊಳ್ಳುವ ಅಭ್ಯಾಸ ಮನೆಯಲ್ಲೇ ಬಿಡಿಸಬೇಕು. ಅನ್ನ, ಬೇಳೆಸಾರು, ಉಪ್ಪಿಟ್ಟು, ಒಂದು ಪಲ್ಯ, ಇಷ್ಟನ್ನು ಗಂಡುಮಗುವೂ ಮಾಡಲು ಕಲಿತಿರಲಿ. ಹಾಸ್ಟೆಲಿನಲ್ಲಿ ಅಡುಗೆ ಮಾಡಲು ಬಿಡದಿರಬಹುದು. ಆದರೂ ಅಡುಗೆ ಬಲ್ಲ ಮಗುವಿಗೆ ಎಷ್ಟು ತಿನ್ನಬೇಕು, ಯಾವುದು ಹಳಸಿದೆ, ಯಾವ ಹೋಟೆಲಿನ ಎಣ್ಣೆ ಸರಿಯಿಲ್ಲ ಎಂಬುದು ತಿಳಿಯುತ್ತದೆ. ಹಾಸ್ಟೆಲ್ ಮಕ್ಕಳನ್ನು ಕಾಡುವ ಕಾಮಾಲೆ, ಟೈಫಾಯಿಡ್ ಎರಡೂ ಕೆಟ್ಟ ನೀರು, ಕೆಟ್ಟ ಆಹಾರದಿಂದಲೇ ಬರುವಂಥವು. ಕಾಯಿಸಿದ ನೀರಿಗೆ ಹಟ ಹಿಡಿಯುವುದನ್ನು ಕಲಿಸಿ.

ಆರೋಗ್ಯದ ಬಗ್ಗೆ ಒಂದು ಹಾಳೆ ಬರೆದು ಕೊಡಿ: ರಕ್ತದ ಗುಂಪು, ಯಾವ ಮಾತ್ರೆ ಆಗುವುದಿಲ್ಲ, ಹಿಂದೆ ಏನಾಗಿತ್ತು, ಕನ್ನಡಕದ ನಂಬರು. ಜ್ವರ ಬಂದರೆ ಯಾವಾಗ ಕಾಯಬೇಕು, ಯಾವಾಗ ಡಾಕ್ಟರ ಬಳಿ ಓಡಬೇಕು ಎಂಬುದನ್ನು ಮಗು ತಿಳಿದಿರಬೇಕು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂಬುದು ದೊಡ್ಡವರಿಗೇ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳು ಮುಟ್ಟಿನ ನೋವನ್ನು ವಾರ್ಡನ್ನಿಗೆ ಹೇಳಲು ಸಂಕೋಚಪಟ್ಟು ಪರೀಕ್ಷೆಯ ದಿನ ಒದ್ದಾಡುವುದನ್ನು ಕಂಡಿದ್ದೇನೆ. ಅದು ನಾಚಿಕೆಯ ವಿಷಯವಲ್ಲ ಎಂದು ಮನೆಯಲ್ಲಿ ಅಪ್ಪನ ಎದುರೂ ಮಾತಾಡಿದ್ದರೆ ಅಲ್ಲಿ ಬಾಯಿ ತೆರೆಯಲು ಸುಲಭ.

ಭಾಷೆಯ ಪೆಟ್ಟು ಊಟದ ಪೆಟ್ಟಿಗಿಂತ ಆಳಕ್ಕೆ ಇಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಶಾಲೆಗೇ ಮೊದಲು ಬಂದ ಮಗು ಪಿಯು ವಿಜ್ಞಾನದ ಮೊದಲ ವಾರ ಇಂಗ್ಲಿಷ್ ಪಾಠದ ಎದುರು ಕೂತು ತಾನು ದಡ್ಡ ಎಂದು ತೀರ್ಮಾನಿಸಿಬಿಡುತ್ತದೆ. ನಾನು ನೋಡಿದಂತೆ, ಮನೆಗೆ ವಾಪಸ್ ಬರುವ ಮಕ್ಕಳ ನಿಜವಾದ ಕಾರಣ ಎಷ್ಟೋ ಸಲ ಇದೇ. ಹೊಟ್ಟೆನೋವು, ಮೆಸ್ಸಿನ ಊಟ ಎಲ್ಲ ನೆಪ. ‘ಮೊದಲ ನಾಲ್ಕು ತಿಂಗಳು ಅರ್ಥವಾಗಲ್ಲ, ಅದು ಭಾಷೆಯ ತೊಂದರೆ, ಬುದ್ಧಿಯದ್ದಲ್ಲ’ ಎಂಬ ಒಂದು ಮಾತನ್ನು ಮುಂಚೆಯೇ ಹೇಳಿ ಕಳಿಸಿದರೆ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡು ಹೋದರೆ ಇನ್ನೂ ಒಳ್ಳೆಯದು. ಕನ್ನಡದೊಳಗೂ ಕಷ್ಟವಿದೆ. ಕಲಬುರಗಿಯ ಮಗುವಿನ ಮಾತು ಕೇಳಿ ಮಂಗಳೂರಿನಲ್ಲಿ ನಗುವವರಿದ್ದಾರೆ, ಕರಾವಳಿಯ ಪುಸ್ತಕದಂಥ ಕನ್ನಡಕ್ಕೆ ಬೆಂಗಳೂರಿನಲ್ಲಿ ನಗುವವರಿದ್ದಾರೆ. ನಮ್ಮ ಮಗುವಿಗೆ ತನ್ನ ಊರಿನ ಮಾತಿನ ಬಗ್ಗೆ ಹೆಮ್ಮೆ ಇರಲಿ, ಇನ್ನೊಬ್ಬರ ಮಾತಿಗೆ ನಗದಿರುವ ಸಭ್ಯತೆಯೂ ಇರಲಿ.

ಜಾತಿಯ ವಿಷಯದಲ್ಲೂ ಹೀಗೆಯೇ, ಆದರೆ ಪೆಟ್ಟು ಬಹಳ ದೊಡ್ಡದು. ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಹಾಸ್ಟೆಲಿನ ಮೊದಲ ದಿನವೇ ಬರುತ್ತದೆ, ‘ಸಿಇಟಿ ರ್‍ಯಾಂಕ್ ಎಷ್ಟು?’ ಎಂಬ ವೇಷದಲ್ಲೂ ಬರುತ್ತದೆ. ದಲಿತ ಮನೆಗಳಲ್ಲಿ ಅಪ್ಪ ಅಮ್ಮ ಇದನ್ನು ಮಕ್ಕಳಿಗೆ ಹೇಳಿಯೇ ಕಳಿಸುತ್ತಾರೆ, ಹೇಳದೆ ಅವರಿಗೆ ವಿಧಿಯಿಲ್ಲ. ಉಳಿದ ಮನೆಗಳಲ್ಲಿ ಈ ಮಾತೇ ಏಳುವುದಿಲ್ಲ. ಏಳಬೇಕು. ಯಾರ ಜಾತಿಯನ್ನೂ ಕೇಳಬೇಡ, ಮೀಸಲಾತಿಯನ್ನು ಆಡಿಕೊಳ್ಳಬೇಡ, ಪಕ್ಕದಲ್ಲಿ ಕೂತು ಉಣ್ಣು ಎಂದು ನಮ್ಮ ಮಕ್ಕಳಿಗೆ ಸ್ಪಷ್ಟವಾಗಿ ಹೇಳುವುದೂ ಕಾಲೇಜಿನ ತಯಾರಿಯೇ.

ರ್‍ಯಾಗಿಂಗ್ ಬಗ್ಗೆ ಕಾನೂನು ಗಟ್ಟಿಯಾಗಿದೆ. 2009ರಲ್ಲಿ ಹಿಮಾಚಲದಲ್ಲಿ ಅಮನ್ ಕಾಚ್ರೂ ಎಂಬ ವೈದ್ಯಕೀಯ ವಿದ್ಯಾರ್ಥಿ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಸತ್ತ ಮೇಲೆ ಯುಜಿಸಿ ಅದೇ ವರ್ಷ ನಿಯಮ ಮಾಡಿತು. ಪ್ರವೇಶದ ವೇಳೆ ವಿದ್ಯಾರ್ಥಿಯೂ ಪೋಷಕರೂ ರ್‍ಯಾಗಿಂಗ್ ವಿರುದ್ಧ ಮುಚ್ಚಳಿಕೆ ಕೊಡುವುದು ಆ ನಿಯಮದಿಂದಲೇ. ಓದದೆ ಸಹಿ ಹಾಕಬೇಡಿ, ಮಗುವಿನ ಜೊತೆ ಕೂತು ಓದಿ. ದಿನದ ಇಪ್ಪತ್ನಾಲ್ಕು ಗಂಟೆಯೂ ದೂರು ತೆಗೆದುಕೊಳ್ಳುವ ಸಹಾಯವಾಣಿ 1800-180-5522. ನಮ್ಮ ಮಗು ಮರುವರ್ಷ ಸೀನಿಯರ್ ಆಗುತ್ತದೆ, ಆಗಲೂ ಆ ಮುಚ್ಚಳಿಕೆ ಅನ್ವಯಿಸುತ್ತದೆ.

ಪಿಜಿ ಹುಡುಕುವುದಾದರೆ ಫೋಟೋ ನೋಡಿ ಮುಂಗಡ ಕಳಿಸಬೇಡಿ. 2024ರಲ್ಲಿ ಬೆಂಗಳೂರು ಪಾಲಿಕೆ ಮಾಡಿದ ನಿಯಮಗಳಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಬೆಂಕಿ ನಂದಿಸುವ ಸಾಧನ ಇರಬೇಕೆಂದಿದೆ. ಅದೇ ಪಟ್ಟಿಯನ್ನು ಹಿಡಿದು, ಮಗುವನ್ನು ಮುಂದೆ ಬಿಟ್ಟು, ಅದೇ ಕೇಳುವಂತೆ ಮಾಡಿ.

ಇನ್ನು ಅಗಲಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಸ್ಟೊಫರ್ ಥರ್ಬರ್ ಮತ್ತು ವೈದ್ಯ ಎಡ್ವರ್ಡ್ ವಾಲ್ಟನ್ ಮಕ್ಕಳ ಮನೆಹಂಬಲದ ಬಗ್ಗೆ ಬಹುಕಾಲ ಕೆಲಸ ಮಾಡಿದವರು. ಅವರ ಸಲಹೆಗಳಲ್ಲಿ ಎರಡು ನಮಗೂ ಹೊಂದುತ್ತವೆ: ಹೋಗುವ ಮುಂಚೆ ಚಿಕ್ಕ ಚಿಕ್ಕ ಅಗಲಿಕೆಗಳ ಅಭ್ಯಾಸ ಮಾಡಿಸಿ, ‘ಬೇಡವೆನಿಸಿದರೆ ಬಂದು ಕರಕೊಂಡು ಬರ್ತೀವಿ’ ಎಂದು ಮೊದಲೇ ಮಾತು ಕೊಡಬೇಡಿ. ಅಜ್ಜಿಮನೆಯಲ್ಲಿ ರಜೆ ಕಳೆಯುವ ರೂಢಿ ನಮ್ಮಲ್ಲಿ ಇದ್ದದ್ದೇ. ಸಮ್ಮರ್ ಕ್ಯಾಂಪು, ಬ್ರಿಡ್ಜ್ ಕೋರ್ಸುಗಳು ಅದನ್ನು ನುಂಗಿಬಿಟ್ಟಿವೆ, ಮತ್ತೆ ತರುವುದು ಒಳ್ಳೆಯದು. ಎರಡನೆಯ ಸಲಹೆಯ ತಿರುಳು, ಅಂಥ ಮಾತು ‘ನಿನ್ನ ಕೈಲಿ ಆಗಲ್ಲ’ ಎಂಬ ಸಂದೇಶ ಕೊಡುತ್ತದೆ ಎಂಬುದು. ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಇಂಥ ದೇಶದಲ್ಲಿ, ಎಷ್ಟೇ ಫೀಸು ಕಟ್ಟಿದ್ದರೂ, ಯಾರು ಏನೇ ಅಂದರೂ, ವಾಪಸ್ ಬರುವ ದಾರಿ ಮುಚ್ಚಿಲ್ಲ ಎಂಬುದು ಮಗುವಿಗೆ ಗೊತ್ತಿರಲೇಬೇಕು. ಮೊದಲ ವಾರದ ಅಳುವಿಗೆ ಓಡಿಹೋಗಿ ಕರೆತರುವುದು ಬೇರೆ. ಮೂರು ತಿಂಗಳಾದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾರೊಂದಿಗೂ ಮಾತಿಲ್ಲ ಎಂದಾಗ ಹೋಗಿ ಪಕ್ಕ ನಿಲ್ಲುವುದು ಬೇರೆ. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ಅಂದಿನ ರಾತ್ರಿಯ ಬಸ್ಸನ್ನೇ ಹತ್ತಬೇಕು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಸೇರಿಸುವ ದಿನವೇ ಅವರು ಯಾರು, ಎಲ್ಲಿ ಕೂರುತ್ತಾರೆ ಎಂದು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಮಗುವಿನ ಪುಸ್ತಕದ ಮೊದಲ ಪುಟದಲ್ಲಿರಲಿ.

ಫೋನಿನಲ್ಲಿ ನಾವು ಕೇಳುವುದು ಸಾಮಾನ್ಯವಾಗಿ ‘ಊಟ ಆಯ್ತಾ? ಓದಿದ್ಯಾ? ಟೆಸ್ಟಲ್ಲಿ ಎಷ್ಟು ಬಂತು?’ ಮಗುವಿನ ಉತ್ತರ ‘ಹ್ಞೂಂ’. ಗೆಳೆಯರ ಹೆಸರು ಕೇಳಿ, ಮನೆಯ ಸುದ್ದಿ ಹೇಳಿ. ಕೆಟ್ಟ ಸುದ್ದಿಯನ್ನೂ ಹೇಳಿ. ಪರೀಕ್ಷೆ ಇದೆಯೆಂದು ಅಜ್ಜನ ಕಾಯಿಲೆಯನ್ನು, ಕೆಲವೊಮ್ಮೆ ಸಾವನ್ನೇ ಮುಚ್ಚಿಡುವ ಮನೆಗಳಿವೆ. ಒಮ್ಮೆ ಹಾಗಾದ ಮೇಲೆ ಆ ಮಗು ‘ಎಲ್ಲ ಚೆನ್ನಾಗಿದ್ದೀವಿ’ ಎಂಬ ಮಾತನ್ನು ಮತ್ತೆ ನಂಬುವುದಿಲ್ಲ, ತಾನೂ ನಿಜ ಹೇಳುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಮಗನಿಗೆ ಸಿಕ್ಕ ರ್‍ಯಾಂಕಿಗೆ ಬೆಂಗಳೂರು, ಅದೇ ರ್‍ಯಾಂಕಿನ ಮಗಳಿಗೆ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ಕಾಲೇಜು ಎಂಬ ಲೆಕ್ಕ ಇನ್ನೂ ಹೋಗಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಪ್ರಯಾಣ ಉಚಿತ, ಹಾಸ್ಟೆಲಿನಿಂದ ಊರಿಗೆ ಬಂದುಹೋಗುವ ಖರ್ಚಿನ ನೆಪ ಈಗ ನಿಲ್ಲದು. ನಮ್ಮ ಮನೆಗಳು ಮಗಳಿಗೆ ಮನೆಗೆಲಸ ಕಲಿಸಿ ತೀರ್ಮಾನವನ್ನು ಕಲಿಸುವುದಿಲ್ಲ, ಮಗನಿಗೆ ತೀರ್ಮಾನ ಕೊಟ್ಟು ಮನೆಗೆಲಸ ಕಲಿಸುವುದಿಲ್ಲ. ಹೊರಗೆ ಬದುಕಲು ಇಬ್ಬರಿಗೂ ಎರಡೂ ಬೇಕು. ಮಗಳನ್ನು ಒಬ್ಬಳೇ ಬಸ್ಸಿನಲ್ಲಿ ಪಕ್ಕದ ಜಿಲ್ಲೆಗೆ ಕಳಿಸಿ, ಬ್ಯಾಂಕಿಗೆ ಕಳಿಸಿ. ಯಾರಾದರೂ ಕಾಡಿದರೆ ನಿನ್ನ ಓದು ನಿಲ್ಲುವುದಿಲ್ಲ ಎಂದು ಮುಂಚೆಯೇ ಮಾತು ಕೊಡಿ. ಹೇಳಿದರೆ ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆಯಿಂದಲೇ ಹುಡುಗಿಯರು ಬಾಯಿ ಮುಚ್ಚಿಕೊಂಡಿರುತ್ತಾರೆ.

ಒಂಬತ್ತನೆಯೋ ಹತ್ತನೆಯೋ ತರಗತಿಯ ಮಗು ನಿಮ್ಮ ಮನೆಯಲ್ಲಿದ್ದರೆ, ಬರುವ ರಜೆಯಲ್ಲಿ ಒಂದು ಕೆಲಸ ಮಾಡಿ. ಒಂದು ವಾರ ಮನೆಯ ದಿನಸಿ, ತರಕಾರಿ, ಹಾಲಿನ ದುಡ್ಡನ್ನು ಅದರ ಕೈಗೆ ಕೊಡಿ. ಏನು ತರಬೇಕು, ಎಲ್ಲಿ ತರಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಅದೇ ನಿರ್ಧರಿಸಲಿ. ಬದನೆಕಾಯಿ ಹುಳುಕು ಬಂದರೂ ಬೈಯಬೇಡಿ, ಅದರಲ್ಲೇ ಅಡುಗೆ ಮಾಡಿ ಎಲ್ಲರೂ ಉಣ್ಣಿ. ಮರುವಾರವೂ ದುಡ್ಡನ್ನು ಅದರ ಕೈಗೇ ಕೊಡಿ.